ವಿಲಿಯಂ ಲ್ಯಾಂಬ್ಟನ್

ವಿಲಿಯಂ ಲ್ಯಾಂಬ್ಟನ್ (ಸು. 1753 – 20 ಜನವರಿ 1823) ಬ್ರಿಟಿಷ್ ಸೈನ್ಯಾಧಿಕಾರಿ, ಭೂಮಾಪನ ತಜ್ಞ ಮತ್ತು ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯ ಸ್ಥಾಪಕ. ನಾಲ್ಕನೆಯ ಆಂಗ್ಲೋ-ಮೈಸೂರು ಯುದ್ಧದ ನಂತರ ಮೈಸೂರು ಸೀಮೆಯಲ್ಲಿ ಆರಂಭಿಸಿದ ಅಳತೆಯ ಕಾರ್ಯವನ್ನು ಈತ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಮುಂದುವರಿಸಿ, ಕನ್ಯಾಕುಮಾರಿಯಿಂದ ದಖ್ಖನಿನ ಉತ್ತರ ಭಾಗದವರೆಗೆ ಭೂಮಿಯ ಮೇಲಿನ ಒಂದು ಉದ್ದನೆಯ ಚಾಪವನ್ನು ಅಳೆದನು. ಭೂಪಟದ ನಿಖರತೆಯ ಜೊತೆಗೆ ಭೂಮಿಯ ನಿಜವಾದ ಆಕಾರವನ್ನು ಕಂಡುಹಿಡಿಯುವುದೂ ಈ ಕಾರ್ಯದ ಉದ್ದೇಶವಾಗಿತ್ತು. ಉಕ್ಕಿನ ಸರಪಳಿಯೊಂದರ ಉದ್ದವು ಬಿಸಿಲಿನಲ್ಲಿ ಅಂಗುಲದ ಸಾವಿರದ ಕೆಲವು ಭಾಗಗಳಷ್ಟು ಹೆಚ್ಚುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಆತನ ವಿಧಾನವು, ಅತಿ ಸಣ್ಣ ದಶಮಾಂಶ ಸಂಖ್ಯೆಗಳ ಮಹತ್ವವನ್ನು ತಿಳಿಯಲು ಇಂದಿಗೂ ಉತ್ತಮ ನಿದರ್ಶನವಾಗಿದೆ.

ಆರಂಭಿಕ ಜೀವನ

ಲ್ಯಾಂಬ್ಟನ್ ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನ ನಾರ್ತಲರ್ಟನ್ ಪಟ್ಟಣದ ಸಮೀಪದ ಕ್ರಾಸ್ಬಿ ಗ್ರೇಂಜ್ ಎಂಬಲ್ಲಿ ಜನಿಸಿದನು. ತಂದೆತಾಯಿಗಳು ಸಾಧಾರಣ ಸ್ಥಿತಿಯವರಾಗಿದ್ದರು. ಹುಟ್ಟಿದ ವರ್ಷದ ಬಗ್ಗೆ ಬರಹಗಾರರಲ್ಲಿ ಒಮ್ಮತವಿಲ್ಲ. 1753ರಿಂದ 1756ರವರೆಗಿನ ವರ್ಷಗಳನ್ನು ನೀಡಲಾಗುತ್ತದೆ. ಗಣಿತದಲ್ಲಿ ಬಾಲ್ಯದಿಂದಲೇ ಒಲವಿದ್ದ ಆತ ನಾರ್ತಲರ್ಟನ್‌ನ ಶಾಲೆಯಲ್ಲಿ ಕಲಿತು, 1781ರಲ್ಲಿ ಸೈನ್ಯವನ್ನು ಸೇರಿ, ಬಳಿಕ 33ನೆಯ ರೆಜಿಮೆಂಟಿಗೆ ವರ್ಗಾವಣೆಗೊಂಡನು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಯಾರ್ಕ್‌ಟೌನ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಶರಣಾದಾಗ ಸೆರೆಯಾಳುಗಳಲ್ಲಿ ಈತನೂ ಒಬ್ಬನಾಗಿದ್ದನು. ಯುದ್ಧದ ನಂತರ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದಲ್ಲಿ ವಲಸಿಗರಿಗೆ ಭೂಮಿ ಅಳೆದುಕೊಡುವ ಕೆಲಸವನ್ನೂ ಸೈನಿಕ ವಸತಿಗಳ ಉಸ್ತುವಾರಿಯನ್ನೂ ಸುಮಾರು ಹದಿಮೂರು ವರ್ಷ ನೋಡಿಕೊಂಡನು. ಅಲ್ಲಿ ಸೂರ್ಯಗ್ರಹಣವೊಂದನ್ನು ತಕ್ಕ ರಕ್ಷಣೆಯಿಲ್ಲದೆ ವೀಕ್ಷಿಸಿದ್ದರಿಂದ ಒಂದು ಕಣ್ಣಿನ ದೃಷ್ಟಿಗೆ ಶಾಶ್ವತ ಹಾನಿಯಾಯಿತು. ಮುಂದಿನ ಜೀವನವನ್ನೆಲ್ಲ ದೂರದರ್ಶಕದ ಮುಂದೆ ಕಳೆದ ವ್ಯಕ್ತಿಯ ವಿಷಯದಲ್ಲಿ ಇದು ಸಣ್ಣ ಸಂಗತಿಯಲ್ಲ.

1790ರ ದಶಕದ ಉತ್ತರಾರ್ಧದಲ್ಲಿ ರೆಜಿಮೆಂಟಿನೊಡನೆ ಭಾರತಕ್ಕೆ ಬಂದಾಗ ಆತನಿಗೆ ನಲವತ್ತು ದಾಟಿತ್ತು. ರೆಜಿಮೆಂಟಿನ ಮುಖ್ಯಸ್ಥನು ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿ. ಈ ಅವಧಿಯಲ್ಲಿ ಲ್ಯಾಂಬ್ಟನ್ ಗೋಡೆಗಳ ಸ್ಥಿರತೆಯ ಸಿದ್ಧಾಂತವನ್ನೂ, ಚಲಿಸುತ್ತಿರುವ ಯಂತ್ರಗಳು ಗರಿಷ್ಠ ಕೆಲಸ ನೀಡುವ ಸ್ಥಿತಿಯನ್ನೂ ಕುರಿತು ಲೇಖನಗಳನ್ನು ಬರೆದನು. ಇವು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಪ್ರಕಟವಾದವು.

ಮೈಸೂರು ಯುದ್ಧ

1799ರ ಯುದ್ಧದಲ್ಲಿ ಲ್ಯಾಂಬ್ಟನ್ ಜನರಲ್ ಬೇರ್ಡ್‌ನ ದಳದಲ್ಲಿದ್ದನು. ಶ್ರೀರಂಗಪಟ್ಟಣದ ಹೊರವಲಯದಲ್ಲಿ ಏಪ್ರಿಲ್ ತಿಂಗಳ ಒಂದು ರಾತ್ರಿ ಆ ದಳವು ತೋಪೊಂದನ್ನು ಶೋಧಿಸಿ ದಕ್ಷಿಣ ದಿಕ್ಕಿನ ತನ್ನ ಶಿಬಿರಕ್ಕೆ ಮರಳುತ್ತಿತ್ತು. ನಕ್ಷತ್ರಗಳ ಸ್ಥಾನವನ್ನು ಗಮನಿಸಿದ ಲ್ಯಾಂಬ್ಟನ್, ದಳವು ನಿಜವಾಗಿ ಉತ್ತರಕ್ಕೆ, ಅಂದರೆ ಟಿಪ್ಪು ಸುಲ್ತಾನನ ಸೇನೆಯ ಕಡೆಗೆ, ನಡೆಯುತ್ತಿದೆಯೆಂದು ತಿಳಿಸಿದನು. ದಾರಿ ತಿಳಿಯಲು ತನಗೆ ನಕ್ಷತ್ರಗಳು ಬೇಕಿಲ್ಲವೆಂಬ ಧಾಟಿಯಲ್ಲಿ ಬೇರ್ಡ್ ಮೊದಲು ಆ ಮಾತನ್ನು ತಳ್ಳಿಹಾಕಿದರೂ, ದಿಕ್ಸೂಚಿಯನ್ನು ಬೆಳಕಿನಲ್ಲಿ ಹಿಡಿದು ನೋಡಿದಾಗ ಲ್ಯಾಂಬ್ಟನ್‌ನ ಎಣಿಕೆಯೇ ಸರಿಯಾಗಿತ್ತು. ಮೇ 4ರಂದು ಕೋಟೆ ಬಿದ್ದಿತು.

ಯುದ್ಧ ಮುಗಿದ ಕೆಲವೇ ತಿಂಗಳುಗಳಲ್ಲಿ ಆತ ಮದ್ರಾಸ್ ಸರಕಾರಕ್ಕೆ ಒಂದು ಯೋಜನೆಯನ್ನು ಸಲ್ಲಿಸಿದನು. ಪೂರ್ವದ ಕೋರಮಂಡಲ ತೀರದಿಂದ ಪಶ್ಚಿಮದ ಮಲಬಾರ್ ತೀರದವರೆಗೆ ತ್ರಿಕೋನಗಳ ಸಾಲನ್ನು ಹೆಣೆದು, ಮುಖ್ಯ ಸ್ಥಳಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಗಣಿತದ ಆಧಾರದಲ್ಲಿ ನಿರ್ಧರಿಸುವುದು ಅದರ ತಿರುಳು. ವೆಲ್ಲೆಸ್ಲಿಯ ಬೆಂಬಲದಿಂದ 1800ರ ಫೆಬ್ರವರಿಯಲ್ಲಿ ಒಪ್ಪಿಗೆ ದೊರೆಯಿತು. ಇದೇ ಕಾಲದಲ್ಲಿ ಕಾಲಿನ್ ಮೆಕೆಂಜಿಯು ಮೈಸೂರು ರಾಜ್ಯದ ಸ್ಥಳವಿವರಗಳ ಪ್ರತ್ಯೇಕ ಸರ್ವೇಕ್ಷಣೆಯನ್ನು ನಡೆಸುತ್ತಿದ್ದನು. ಊರು, ಕೆರೆ, ಗಡಿ, ದಾರಿಗಳನ್ನು ಗುರುತಿಸುವುದು ಮೆಕೆಂಜಿಯ ಕೆಲಸವಾದರೆ, ಅವೆಲ್ಲವನ್ನೂ ಸರಿಯಾದ ಜಾಗದಲ್ಲಿ ಹಿಡಿದು ನಿಲ್ಲಿಸುವ ಚೌಕಟ್ಟನ್ನು ಒದಗಿಸುವುದು ಲ್ಯಾಂಬ್ಟನ್‌ನ ಕೆಲಸ.

ರಾಜ್ಯದ ವಾಯವ್ಯ ಭಾಗವು ಆಗ ಶಾಂತವಾಗಿರಲಿಲ್ಲ. ಚನ್ನಗಿರಿಯಲ್ಲಿ ಹುಟ್ಟಿದನೆಂದು ಹೇಳಲಾಗುವ ಧೋಂಡಿಯಾ ವಾಘ್, ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ನಂತರ ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಸೈನ್ಯ ಕಟ್ಟಿ ಕಂಪನಿಯನ್ನು ಎದುರಿಸುತ್ತಿದ್ದನು. ವೆಲ್ಲೆಸ್ಲಿಯು 1800ರ ಜೂನ್‌ನಲ್ಲಿ ಹರಿಹರದ ಬಳಿ ನದಿಯನ್ನು ದಾಟಿ ಆತನನ್ನು ಬೆನ್ನಟ್ಟಿದನು. ಸೆಪ್ಟೆಂಬರ್ 10ರಂದು ಕೋನಗಲ್ಲಿನ ಕಾಳಗದಲ್ಲಿ ಧೋಂಡಿಯಾ ಮಡಿದನು. ಬೆಂಗಳೂರಿನಲ್ಲಿ ಲ್ಯಾಂಬ್ಟನ್‌ನ ಮೊದಲ ಆಧಾರರೇಖೆಯ ಅಳತೆ ಆರಂಭವಾದದ್ದು ಅದರ ಮುಂದಿನ ತಿಂಗಳು.

ಉಪಕರಣಗಳು

ಮೊದಲ ಅಳತೆಗೆ ಬಳಸಿದ ಸರಪಳಿಯ ಕಥೆ ವಿಚಿತ್ರವಾದದ್ದು. ಲಂಡನ್ನಿನ ಪ್ರಸಿದ್ಧ ಕುಶಲಕರ್ಮಿ ರಾಮ್ಸ್‌ಡೆನ್ ತಯಾರಿಸಿದ ಈ ಉಕ್ಕಿನ ಸರಪಳಿಯನ್ನೂ ಒಂದು ಜೆನಿತ್ ಸೆಕ್ಟರನ್ನೂ ಮೆಕಾರ್ಟ್ನಿಯ ರಾಯಭಾರದೊಡನೆ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ಯಲಾಗಿತ್ತು. ಅಲ್ಲಿ ಅವು ಸ್ವೀಕೃತವಾಗದೆ ಕಲ್ಕತ್ತೆಯನ್ನು ತಲುಪಿ, ಕೊನೆಗೆ ಲ್ಯಾಂಬ್ಟನ್‌ನ ಕೈಸೇರಿದವು. ಸರಪಳಿಯು ಎರಡೂವರೆ ಅಡಿಯ 40 ಕೊಂಡಿಗಳಿಂದ ಕೂಡಿ ಒಟ್ಟು 100 ಅಡಿ ಉದ್ದವಿತ್ತು. ಜೆನಿತ್ ಸೆಕ್ಟರ್ ಎಂಬುದು ನೆತ್ತಿಯ ಸಮೀಪ ಹಾದುಹೋಗುವ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿರ್ಧರಿಸುವ ಉಪಕರಣ.

ಕೋನಗಳನ್ನು ಅಳೆಯುವ ದೊಡ್ಡ ಥಿಯೊಡೊಲೈಟನ್ನು ಲಂಡನ್ನಿನ ಕ್ಯಾರಿ ತಯಾರಿಸಿದನು. 36 ಅಂಗುಲ ವ್ಯಾಸದ ವೃತ್ತವನ್ನು ಹೊಂದಿದ್ದ ಈ ಯಂತ್ರದ ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಆದರೆ ಅದು ವಿಜ್ಞಾನದ ಉಪಕರಣವೆಂದು ತಿಳಿದಾಗ ಅಲ್ಲಿನ ಆಡಳಿತವು ಅದನ್ನು ಸೌಜನ್ಯದಿಂದ ಮದ್ರಾಸಿಗೆ ಕಳುಹಿಸಿಕೊಟ್ಟಿತು.

ಆಧಾರರೇಖೆಗಳು ಮತ್ತು ಸಣ್ಣ ದಶಮಾಂಶಗಳು

ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿ ನೆಲದ ಮೇಲೆ ನೇರವಾಗಿ ಅಳೆಯುವುದು ಒಂದೇ ರೇಖೆಯನ್ನು. ಅದೇ ಆಧಾರರೇಖೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಕೋನದ ಉಳಿದ ಎರಡು ಭುಜಗಳು ಲೆಕ್ಕದಿಂದ ದೊರೆಯುತ್ತವೆ. ಆ ಭುಜಗಳೇ ಮುಂದಿನ ತ್ರಿಕೋನಗಳಿಗೆ ಆಧಾರವಾಗುತ್ತವೆ. ಹೀಗಾಗಿ ಮೊದಲ ರೇಖೆಯಲ್ಲಿ ನುಸುಳಿದ ತಪ್ಪು ನೂರಾರು ಮೈಲಿಗಳವರೆಗೆ ಅದೇ ಪ್ರಮಾಣದಲ್ಲಿ ಸಾಗುತ್ತದೆ. ಅದನ್ನು ಹಿಡಿಯಲು ಇನ್ನೊಂದು ತುದಿಯಲ್ಲಿ ಮತ್ತೊಂದು ರೇಖೆಯನ್ನು ಅಳೆದು ಹೋಲಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ.

ಬೆಂಗಳೂರಿನ ಮೊದಲ ಆಧಾರರೇಖೆಯನ್ನು 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಅಳೆಯಲಾಯಿತು. ಅದರ ಉದ್ದ 7.4321 ಮೈಲಿ. ದೊಡ್ಡ ಥಿಯೊಡೊಲೈಟ್ ಬಂದ ನಂತರ, 1802ರ ಏಪ್ರಿಲ್ 10ರಂದು ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಹೊಸ ಆಧಾರರೇಖೆಯ ಕೆಲಸ ಆರಂಭವಾಯಿತು. ಮಹಾ ಸರ್ವೇಕ್ಷಣೆಯ ಆರಂಭದಿನವೆಂದು ಸಾಮಾನ್ಯವಾಗಿ ಪರಿಗಣಿಸುವುದು ಇದನ್ನೇ. ಆ ರೇಖೆಯ ಉದ್ದ 40006.4418 ಅಡಿ ಎಂದು ಲೆಕ್ಕ ಹಾಕಲಾಯಿತು.

ಈ ಎರಡು ಸಂಖ್ಯೆಗಳಲ್ಲಿಯೂ ದಶಮಾಂಶ ಬಿಂದುವಿನ ನಂತರ ನಾಲ್ಕು ಅಂಕಿಗಳಿವೆ. ಆದರೂ ಅವುಗಳ ಸೂಕ್ಷ್ಮತೆ ಒಂದೇ ಅಲ್ಲ. 0.0001 ಮೈಲಿ ಎಂದರೆ 6 ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಒಂದು ಗೇಣಿಗಿಂತ ಕಡಿಮೆ. 0.0001 ಅಡಿ ಎಂದರೆ 0.03 ಮಿಲಿಮೀಟರ್, ತಲೆಗೂದಲಿಗಿಂತಲೂ ತೆಳುವು. ದಶಮಾಂಶ ಸ್ಥಾನಗಳನ್ನು ಎಣಿಸುವ ಮೊದಲು ಮಾನ ಯಾವುದೆಂದು ನೋಡಬೇಕೆಂಬುದಕ್ಕೆ ಇದಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ. ಏಳೂವರೆ ಮೈಲಿ ಉದ್ದದ ನೆಲವನ್ನು ಕೂದಲಿನ ದಪ್ಪಕ್ಕಿಂತ ಸೂಕ್ಷ್ಮವಾಗಿ ಅಳೆಯಲು ಯಾವ ಸರಪಳಿಗೂ ಸಾಧ್ಯವಿಲ್ಲವೆಂಬುದೂ ಸ್ಪಷ್ಟ. ಕೊನೆಯ ಅಂಕಿಗಳು ಕಣ್ಣು ಕಂಡದ್ದಲ್ಲ, ಹಲವು ತಿದ್ದುಪಡಿಗಳನ್ನು ಕೂಡಿ ಕಳೆದ ಗುಣಾಕಾರದಿಂದ ಬಂದವು. ಲೆಕ್ಕದ ನಡುವೆ ಅವುಗಳನ್ನು ಉಳಿಸಿಕೊಳ್ಳುವುದು ಸರಿ. ಆದರೆ ಅವನ್ನೇ ಅಳತೆಯ ನಿಖರತೆಯೆಂದು ಓದಬಾರದು.

ತಿದ್ದುಪಡಿಗಳಲ್ಲಿ ಮುಖ್ಯವಾದದ್ದು ಉಷ್ಣತೆಗೆ ಸಂಬಂಧಿಸಿದ್ದು. ಉಕ್ಕು ಕಾಯ್ದಾಗ ಹಿಗ್ಗುತ್ತದೆ. 100 ಅಡಿಯ ಉಕ್ಕಿನ ಸರಪಳಿಯು ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ಸುಮಾರು 0.0075 ಅಂಗುಲದಷ್ಟು ಉದ್ದವಾಗುತ್ತದೆ. ಈ ಸಂಖ್ಯೆಯನ್ನು ಮೊದಲ ಬಾರಿಗೆ ನೋಡಿದವರು 75 ಎಂಬ ಅಂಕಿಗಳಿಂದ ಮೋಸಹೋಗುವುದುಂಟು. 0.02ರೊಡನೆ ಹೋಲಿಸಿದಾಗ 75 ದೊಡ್ಡದೆಂದು ತೋರುತ್ತದೆ. ಎರಡನ್ನೂ ನಾಲ್ಕು ಸ್ಥಾನಗಳಿಗೆ ಬರೆದರೆ, 0.0075 ಮತ್ತು 0.0200 ಎಂದಾಗಿ, ಮೊದಲನೆಯದು ಹತ್ತು ಸಾವಿರದ 75 ಭಾಗ, ಎರಡನೆಯದು ಹತ್ತು ಸಾವಿರದ 200 ಭಾಗ ಎಂಬುದು ತಿಳಿಯುತ್ತದೆ. ಇಂದಿನ ವಾಹನ ದುರಸ್ತಿ ಅಂಗಡಿಗಳಲ್ಲಿ ಅಂಗುಲದ ಸಾವಿರದ ಒಂದು ಭಾಗವನ್ನು ಥೌ ಎನ್ನುತ್ತಾರೆ. ಆ ಲೆಕ್ಕದಲ್ಲಿ 0.0075 ಅಂಗುಲವೆಂದರೆ ಏಳೂವರೆ ಥೌ, ಅಂದರೆ ಸುಮಾರು 0.19 ಮಿಲಿಮೀಟರ್. ಅನೇಕ ಎಂಜಿನ್‌ಗಳ ಟ್ಯಾಪೆಟ್ ತೆರಪು 0.15ರಿಂದ 0.30 ಮಿಲಿಮೀಟರ್ ವ್ಯಾಪ್ತಿಯಲ್ಲಿರುತ್ತದೆ. ಅದನ್ನು ಬಿಡುವ ಕಾರಣವೂ ಬಿಸಿಯಾದ ಲೋಹ ಹಿಗ್ಗುತ್ತದೆ ಎಂಬುದೇ. ಫೀಲರ್ ಗೇಜ್ ಹಿಡಿದು ಆ ತೆರಪನ್ನು ನೋಡುವ ಮೆಕ್ಯಾನಿಕ್ ಮತ್ತು ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕವಿಟ್ಟ ಲ್ಯಾಂಬ್ಟನ್ ಎದುರಿಸುವುದು ಒಂದೇ ಗುಣವನ್ನು.

ಇಷ್ಟು ಸಣ್ಣ ಸಂಖ್ಯೆಯನ್ನು ಕೈಬಿಟ್ಟರೆ ಏನಾಗುತ್ತಿತ್ತು? ಸರಪಳಿಯು ನಿಗದಿತ ಉಷ್ಣತೆಗಿಂತ 30 ಡಿಗ್ರಿ ಹೆಚ್ಚು ಕಾಯ್ದಿತ್ತೆಂದು ಭಾವಿಸಿದರೆ, ಒಂದು ಸರಪಳಿಗೆ 0.0075ನ್ನು 30ರಿಂದ ಗುಣಿಸಿದಾಗ 0.225 ಅಂಗುಲ. ಮದ್ರಾಸಿನ ರೇಖೆಯಲ್ಲಿ ಅಂತಹ 400 ಸರಪಳಿಗಳು. 0.225ನ್ನು 400ರಿಂದ ಗುಣಿಸಿದರೆ 90 ಅಂಗುಲ, ಅಂದರೆ ಏಳೂವರೆ ಅಡಿ. ಈ ತಪ್ಪು ಮೊದಲ ತ್ರಿಕೋನದಲ್ಲಿಯೇ ಸೇರಿಕೊಂಡು ಪಶ್ಚಿಮ ಕರಾವಳಿಯವರೆಗೆ ಸಾಗುತ್ತಿತ್ತು. ಆದ್ದರಿಂದಲೇ ಸರಪಳಿಯನ್ನು ನೆಲದ ಮೇಲೆ ಹಾಸದೆ, ತಿರುಪುಗಳಿಂದ ಏರಿಳಿಸಬಹುದಾದ ಆಸರೆಗಳ ಮೇಲಿನ ಮರದ ಪೆಟ್ಟಿಗೆಗಳಲ್ಲಿಟ್ಟು, ತೂಕ ಕಟ್ಟಿ ಬಿಗಿಯಾಗಿ ಎಳೆದು, ಪ್ರತಿ ಬಾರಿಯೂ ಉಷ್ಣತೆಯನ್ನು ದಾಖಲಿಸಲಾಗುತ್ತಿತ್ತು. ಬಳಕೆಯಿಂದ ಕೊಂಡಿಗಳು ಸವೆದು ಸರಪಳಿ ಉದ್ದವಾಗುತ್ತದೆಯೆಂಬ ಕಾರಣಕ್ಕೆ ಮತ್ತೊಂದು ಸರಪಳಿಯನ್ನು ಮಾದರಿಯಾಗಿ ಕಾದಿರಿಸಿ, ಬಳಸುವ ಸರಪಳಿಯನ್ನು ಅದರೊಡನೆ ಹೋಲಿಸುತ್ತಿದ್ದರು.

1804ರಲ್ಲಿ ಲ್ಯಾಂಬ್ಟನ್‌ನ ಸಹಾಯಕ ಜಾನ್ ವಾರೆನ್ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದನು. (ಕೋಲಾರ ಸೀಮೆಯ ಚಿನ್ನದ ಬಗ್ಗೆ ವರದಿ ಮಾಡಿದ ವಾರೆನ್ ಈತನೇ.) ಮದ್ರಾಸಿನಿಂದ ಸುಮಾರು 160 ಮೈಲಿಗಳ ತ್ರಿಕೋನಗಳ ಮೂಲಕ ಲೆಕ್ಕ ಹಾಕಿದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ 3.7 ಅಂಗುಲ. ಏಳು ಮೈಲಿಗೂ ಮೀರಿದ ರೇಖೆಗೆ ಇದು ಸುಮಾರು 0.000008ರ ಪ್ರಮಾಣ, ಲಕ್ಷಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ.

ಕೋನಗಳು ಮತ್ತು ಊರುಗಳ ಸ್ಥಾನ

ಒಂದು ಡಿಗ್ರಿಯಲ್ಲಿ 60 ನಿಮಿಷ, ಒಂದು ನಿಮಿಷದಲ್ಲಿ 60 ಸೆಕೆಂಡು. ಹೀಗಾಗಿ ಒಂದು ಸೆಕೆಂಡು ಎಂದರೆ ಸುಮಾರು 0.00028 ಡಿಗ್ರಿ. 30 ಮೈಲಿ ದೂರದ ಬೆಟ್ಟದ ಮೇಲಿನ ಗುರುತನ್ನು ನೋಡುವಾಗ ಒಂದು ಸೆಕೆಂಡಿನ ತಪ್ಪಾದರೆ, ಆ ಗುರುತು ಸುಮಾರು 9 ಅಂಗುಲ ಪಕ್ಕಕ್ಕೆ ಸರಿದಂತೆ ಆಗುತ್ತದೆ. ದೊಡ್ಡ ಥಿಯೊಡೊಲೈಟಿನ ವೃತ್ತವನ್ನು ಮೈಕ್ರೋಮೀಟರ್ ಅಳವಡಿಸಿದ ಸೂಕ್ಷ್ಮದರ್ಶಕಗಳಿಂದ ಓದುತ್ತಿದ್ದುದು ಇದಕ್ಕಾಗಿಯೇ. ಭೂಮಿ ದುಂಡಗಿರುವುದರಿಂದ ಅದರ ಮೇಲಿನ ದೊಡ್ಡ ತ್ರಿಕೋನದ ಕೋನಗಳ ಮೊತ್ತವು 180 ಡಿಗ್ರಿಗಿಂತ ತುಸು ಹೆಚ್ಚಾಗಿರುತ್ತದೆ. ಸುಮಾರು 75 ಚದರ ಮೈಲಿಗೆ ಒಂದು ಸೆಕೆಂಡಿನಷ್ಟಿರುವ ಈ ಹೆಚ್ಚಳವನ್ನೂ ಲ್ಯಾಂಬ್ಟನ್ ಲೆಕ್ಕದಲ್ಲಿ ಸೇರಿಸಿದನು.

ಮದ್ರಾಸಿನಿಂದ ಮಂಗಳೂರಿನವರೆಗಿನ ತ್ರಿಕೋನಗಳು ಮುಗಿದಾಗ ದೊರೆತ ಫಲ ಆಡಳಿತಗಾರರನ್ನು ಬೆರಗುಗೊಳಿಸಿತು. ಹಳೆಯ ಭೂಪಟಗಳಲ್ಲಿ ಸುಮಾರು 400 ಮೈಲಿಯೆಂದು ತೋರಿಸಿದ್ದ ಪರ್ಯಾಯ ದ್ವೀಪದ ಅಗಲವು ನಿಜವಾಗಿ 360 ಮೈಲಿಯಷ್ಟೇ ಇತ್ತು. ಕಂಪನಿಯ ಭೂಪಟಗಳಿಂದ 40 ಮೈಲಿ ಅಗಲದ ನೆಲ ಮಾಯವಾಯಿತು. ಇದಕ್ಕೆ ಮೊದಲು ಇಂತಹ ಸರ್ವೇಕ್ಷಣೆಯ ಅಗತ್ಯವನ್ನೇ ಕೆಲವರು ಪ್ರಶ್ನಿಸಿದ್ದರು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರಿಗೆ ಹೇಳಿದರೆ ಸಾಕು, ಅದಕ್ಕೆ ಅಕ್ಷಾಂಶ ಬೇಕಿಲ್ಲವೆಂದು ಹಣಕಾಸು ಸಮಿತಿಯ ಸದಸ್ಯನೊಬ್ಬ ವಾದಿಸಿದನೆಂದು ಹೇಳಲಾಗುತ್ತದೆ.

ಇಂದು ಊರುಗಳ ಸ್ಥಾನವನ್ನು ದಶಮಾಂಶ ಡಿಗ್ರಿಗಳಲ್ಲಿ ಬರೆಯುವುದು ರೂಢಿಯಾಗಿದೆ. ದಾವಣಗೆರೆ ಜಿಲ್ಲೆಯ ಜಗಳೂರಿನ ಅಕ್ಷಾಂಶ ಸುಮಾರು 14.52 ಡಿಗ್ರಿ. ಇದನ್ನು 14 ಡಿಗ್ರಿ 52 ನಿಮಿಷವೆಂದು ಓದುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. 0.52ನ್ನು 60ರಿಂದ ಗುಣಿಸಿದರೆ 31 ದೊರೆಯುತ್ತದೆ. ಆದ್ದರಿಂದ ಅದು 14 ಡಿಗ್ರಿ 31 ನಿಮಿಷ. ತಪ್ಪಾಗಿ ಓದಿದವನು ಊರನ್ನು ಸುಮಾರು 39 ಕಿಲೋಮೀಟರ್ ಉತ್ತರಕ್ಕೆ ಒಯ್ದಂತಾಗುತ್ತದೆ. ಚನ್ನಗಿರಿಯ ಅಕ್ಷಾಂಶ ಸುಮಾರು 14.02 ಡಿಗ್ರಿ. ಇಲ್ಲಿ ಬಿಂದುವಿನ ನಂತರದ ಸೊನ್ನೆಯನ್ನು ಬಿಟ್ಟು 14.2 ಎಂದು ಬರೆದರೆ 0.18 ಡಿಗ್ರಿಯ, ಅಂದರೆ ಸುಮಾರು 20 ಕಿಲೋಮೀಟರಿನ ವ್ಯತ್ಯಾಸವಾಗುತ್ತದೆ. ಆ ಅಕ್ಷಾಂಶವು ಚನ್ನಗಿರಿಗಿಂತ ಹೊನ್ನಾಳಿಗೆ ಹತ್ತಿರ. ಹೊನ್ನಾಳಿ ಮತ್ತು ನ್ಯಾಮತಿಗಳ ಅಕ್ಷಾಂಶಗಳ ನಡುವಿನ ಅಂತರವೇ ಸುಮಾರು 0.1 ಡಿಗ್ರಿ, ಅಂದರೆ 11 ಕಿಲೋಮೀಟರಿನಷ್ಟು. ಮೂರನೆಯ ಸ್ಥಾನದ ಅಂಕಿಯು ಸುಮಾರು 110 ಮೀಟರನ್ನೂ, ನಾಲ್ಕನೆಯದು 11 ಮೀಟರನ್ನೂ ಸೂಚಿಸುತ್ತದೆ. ಊರಿಗೆ ಎರಡು ಸ್ಥಾನಗಳು ಸಾಕು. ಹೊಲದ ಬದುವಿಗೆ ಸಾಲದು.

ಮಹಾಚಾಪ

ಭೂಮಿಯು ಪರಿಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆಯೆಂಬುದು ಹದಿನೆಂಟನೆಯ ಶತಮಾನದಲ್ಲಿಯೇ ತಿಳಿದಿತ್ತು. ಎಷ್ಟು ಚಪ್ಪಟೆ ಎಂಬುದನ್ನು ತಿಳಿಯಲು ಬೇರೆ ಬೇರೆ ಅಕ್ಷಾಂಶಗಳಲ್ಲಿ ಒಂದು ಡಿಗ್ರಿಯ ಉದ್ದವನ್ನು ಅಳೆಯಬೇಕಾಗಿತ್ತು. ಇದಕ್ಕಾಗಿ ಲ್ಯಾಂಬ್ಟನ್ 78ನೆಯ ರೇಖಾಂಶಕ್ಕೆ ಸಮೀಪವಾಗಿ ದಕ್ಷಿಣೋತ್ತರವಾದ ತ್ರಿಕೋನಗಳ ಸಾಲನ್ನು ಆರಂಭಿಸಿದನು. ಇದೇ ಮಹಾಚಾಪವೆಂದು ಹೆಸರಾಯಿತು. ಬೆಂಗಳೂರಿನ ದೊಡ್ಡಗುಂಟದಲ್ಲಿ ನಕ್ಷತ್ರ ವೀಕ್ಷಣೆ ನಡೆಸಿ ಅಕ್ಷಾಂಶವನ್ನು ನಿರ್ಧರಿಸಲಾಯಿತು. ಅಲ್ಲಿಂದ ದಕ್ಷಿಣಕ್ಕೆ ಕೊಯಮತ್ತೂರು, ತಿರುನೆಲ್ವೇಲಿಗಳ ಮೂಲಕ ಕನ್ಯಾಕುಮಾರಿಯವರೆಗೆ, ಉತ್ತರಕ್ಕೆ ಗುತ್ತಿಯ ಮೂಲಕ ಬೀದರ್ ಸಮೀಪದ ದಾಮರಗಿದ್ದದವರೆಗೆ ಚಾಪವು 1815ರ ವೇಳೆಗೆ ಬೆಳೆಯಿತು.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಅನಾಹುತವೊಂದು ಸಂಭವಿಸಿತು. ಬಯಲುಸೀಮೆಯಲ್ಲಿ ಬೆಟ್ಟಗಳಿಲ್ಲದ ಕಾರಣ ಥಿಯೊಡೊಲೈಟನ್ನು ಬೃಹದೀಶ್ವರ ದೇವಾಲಯದ ಗೋಪುರದ ಮೇಲಕ್ಕೆ ಹಗ್ಗಗಳಿಂದ ಏರಿಸಲಾಗುತ್ತಿತ್ತು. ಹಗ್ಗ ತುಂಡಾಗಿ ಯಂತ್ರವು ಗೋಡೆಗೆ ಬಡಿಯಿತು. ಕೋನಗಳನ್ನು ಓದುವ ವೃತ್ತವೇ ಸೊಟ್ಟಗಾಯಿತು. ಇಂಗ್ಲೆಂಡಿನಿಂದ ಮತ್ತೊಂದನ್ನು ತರಿಸಲು ವರ್ಷಗಳೇ ಬೇಕಾಗಿದ್ದವು. ಲ್ಯಾಂಬ್ಟನ್ ಯಂತ್ರದೊಡನೆ ಡೇರೆಯನ್ನು ಹೊಕ್ಕು, ಕೆಲವೇ ಕುಶಲಕರ್ಮಿಗಳ ನೆರವಿನಿಂದ, ಬೆಣೆ, ತಿರುಪು ಮತ್ತು ರಾಟೆಗಳನ್ನು ಬಳಸಿ ವೃತ್ತವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಮೊದಲಿನ ಆಕಾರಕ್ಕೆ ತಂದನು. ಈ ಕೆಲಸಕ್ಕೆ ಸುಮಾರು ಆರು ವಾರ ಹಿಡಿಯಿತು. ಒಂದು ಸೆಕೆಂಡನ್ನು ಓದಬೇಕಾದ ವೃತ್ತವನ್ನು ಕೈಯಿಂದ ನೆಟ್ಟಗೆ ಮಾಡುವುದು ದುಸ್ಸಾಹಸವೆಂದು ತೋರಬಹುದು. ಸಣ್ಣ ಊನಗಳು ಉಳಿದವೆಂಬುದೂ ನಿಜ. ಆದರೆ ವೃತ್ತದ ಬೇರೆ ಬೇರೆ ಭಾಗಗಳಲ್ಲಿ ಒಂದೇ ಕೋನವನ್ನು ಹಲವು ಬಾರಿ ಓದಿ ಸರಾಸರಿ ತೆಗೆಯುವ ಪದ್ಧತಿಯಿಂದ ಅವುಗಳ ಪರಿಣಾಮವನ್ನು ಬಹುಮಟ್ಟಿಗೆ ಕುಗ್ಗಿಸಲಾಯಿತು.

ಕೊನೆಯ ವರ್ಷಗಳು

1817ರಲ್ಲಿ ಲ್ಯಾಂಬ್ಟನ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದನು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯೂ ಆತನನ್ನು ಗೌರವಿಸಿತು. ಭಾರತದಲ್ಲಿನ ಮನ್ನಣೆ ತಡವಾಗಿಯೇ ಬಂದಿತು. 1818ರ ಜನವರಿ 1ರಿಂದ ಈ ಕಾರ್ಯವು ಮದ್ರಾಸ್ ಸರಕಾರದಿಂದ ಗವರ್ನರ್ ಜನರಲ್‌ನ ಆಡಳಿತಕ್ಕೆ ವರ್ಗವಾಗಿ, ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆ ಎಂಬ ಹೆಸರನ್ನು ಪಡೆಯಿತು. ಅದೇ ವರ್ಷ ಜಾರ್ಜ್ ಎವರೆಸ್ಟ್ ಮುಖ್ಯ ಸಹಾಯಕನಾಗಿ ಸೇರಿದನು. ಮದ್ರಾಸಿನ ಸರ್ವೇಕ್ಷಣಾ ಶಾಲೆಯಿಂದ ಹುಡುಗನಾಗಿದ್ದಾಗಲೇ ಬಂದ ಜೋಶುವ ಡಿ ಪೆನ್ನಿಂಗ್ ಮುಂತಾದವರು ಲ್ಯಾಂಬ್ಟನ್‌ನೊಡನೆ ದೀರ್ಘಕಾಲ ದುಡಿದರು. ಬೆಟ್ಟದ ತುದಿಯ ಡೇರೆಗಳಲ್ಲಿ, ಜ್ವರದ ಕಾಡುಗಳಲ್ಲಿ ಸರಪಳಿ ಹಿಡಿದ, ದೀಪ ಹೊತ್ತಿಸಿದ, ಅರ್ಧ ಟನ್ನಿನ ಯಂತ್ರವನ್ನು ಹೊತ್ತ ದೇಶೀಯ ಲಸ್ಕರರ ಮತ್ತು ಕೂಲಿಗಳ ಕುರಿತು ಜನಪ್ರಿಯ ಬರಹಗಳು ಹೇಳುವುದು ಬಹಳ ಕಡಿಮೆ.

ಚಾಪವನ್ನು ಇನ್ನೂ ಉತ್ತರಕ್ಕೆ ಒಯ್ಯುವ ಉದ್ದೇಶದಿಂದ ನಾಗಪುರದ ಕಡೆಗೆ ಪ್ರಯಾಣಿಸುತ್ತಿದ್ದಾಗ, 1823ರ ಜನವರಿ 20ರಂದು ಹಿಂಗಣಘಾಟದಲ್ಲಿ ಲ್ಯಾಂಬ್ಟನ್ ನಿಧನನಾದನು. ಆಗ ಆತನ ವಯಸ್ಸು ಎಪ್ಪತ್ತರ ಆಸುಪಾಸಿನಲ್ಲಿತ್ತು. ಸಮಾಧಿಯು ಅದೇ ಊರಿನಲ್ಲಿದೆ.

ಉತ್ತರಾಧಿಕಾರಿಯಾದ ಎವರೆಸ್ಟ್ ಹಳೆಯ ಅಳತೆಗಳ ಕೆಲವು ಭಾಗಗಳನ್ನು ಕಟುವಾಗಿ ವಿಮರ್ಶಿಸಿ ಹೊಸದಾಗಿ ಮಾಡಿಸಿದನು. ಸರಪಳಿಯ ಬದಲು ಕೋಲ್ಬಿ ದಂಡಗಳು ಬಂದವು. ಇವುಗಳಲ್ಲಿ ಹಿತ್ತಾಳೆ ಮತ್ತು ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಎರಡರ ಹಿಗ್ಗುವಿಕೆಯ ವ್ಯತ್ಯಾಸವನ್ನೇ ಬಳಸಿ, ತುದಿಯ ಗುರುತುಗಳ ನಡುವಿನ ದೂರವು ಉಷ್ಣತೆಗೆ ಬದಲಾಗದಂತೆ ಮಾಡಲಾಗಿತ್ತು. ಮಹಾಚಾಪವು 1841ರಲ್ಲಿ ಹಿಮಾಲಯದ ತಪ್ಪಲನ್ನು ತಲುಪಿತು. 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಅದೇ ದಂಡಗಳಿಂದ ಮತ್ತೊಮ್ಮೆ ಅಳೆಯಲಾಯಿತು.